ಮಲೆನಾಡಿನ ಮಳೆಯಲ್ಲಿ ಟಾರ್ಪಲ್ ಕಟ್ಟೋಕೆ ಯಾವ ಹಗ್ಗ, ಯಾವ ಗಂಟು?

ಅಕ್ಟೋಬರ್ ಮೊದಲ ವಾರ ಹೊಸನಗರದ ಕಡೆ ಬರ್ತಾ ಇದ್ದೀರಿ, ಟೆಂಟ್ ಬೇಡ, 3 ಮೀಟರ್ ಚೌಕದ ಟಾರ್ಪಲ್ ಕೆಳಗೇ ಮಲಗುವ ಯೋಚನೆ. ಪ್ಯಾರಾಕಾರ್ಡ್ ಭಾರ ಅನ್ನಿಸಿದೆ. ಅದಕ್ಕಿಂತ ಹಗುರವಾದ, ಗಟ್ಟಿ ಹಗ್ಗ ಯಾವುದು, ಎಷ್ಟು ಗಂಟು ಕಲಿಯಬೇಕು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲೂ ಟಾರ್ಪಲ್ ಹೊತ್ತುಕೊಂಡು ಓಡಾಡುವ ಅಭ್ಯಾಸ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

2 ಅಥವಾ 2.5 ಮಿ.ಮೀ. ದಪ್ಪದ, ಹೆಣೆದ ಪಾಲಿಯೆಸ್ಟರ್ ಹಗ್ಗ ತಗೊಳ್ಳಿ. ಗಂಟು ನಾಲ್ಕು ಬಂದರೆ ಸಾಕು. ಯಾಕೆ ಅಂತ ಹೇಳ್ತೀನಿ.

ಎಲ್ಲರೂ ಮೊದಲು ನೋಡುವುದು ಎಷ್ಟು ಕೆ.ಜಿ. ತಡೆಯುತ್ತದೆ ಅನ್ನೋದನ್ನ. ನಮ್ಮ ಕಡೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಹಗ್ಗ ಒದ್ದೆಯಾದರೆ ಏನಾಗುತ್ತದೆ? ನೀವು ಬರುವ ಹೊತ್ತಿಗೆ ಹಸ್ತ ಮಳೆ ನಡೆಯುತ್ತಿರುತ್ತದೆ, ಹಿಂದೆಯೇ ಚಿತ್ತೆ. ಬೆಳಗ್ಗೆ ಬಿಸಿಲು ಚೆನ್ನಾಗಿ ಕಾಯ್ದು, ಸಂಜೆ ಗುಡುಗು ಸಮೇತ ಒಂದೇ ಸಮ ಹೊಡೆಯುವ ಕಾಲ ಅದು. ಬಿಸಿಲಲ್ಲಿ ಬಿಗಿದು ಕಟ್ಟಿದ ಹಗ್ಗ ರಾತ್ರಿ ಎಂಟಕ್ಕೆ ಸಡಿಲವಾದರೆ ಟಾರ್ಪಲ್ ನಡುವೆ ಹೊಟ್ಟೆ ಬಂದು ನೀರು ನಿಲ್ಲುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಬರೀ 1 ಸೆಂ.ಮೀ. ನೀರು ನಿಂತರೂ ಅದು 10 ಕೆ.ಜಿ. ಭಾರ. ಭಾರಕ್ಕೆ ಇನ್ನೂ ಜಗ್ಗುತ್ತದೆ, ಜಗ್ಗಿದಷ್ಟೂ ಇನ್ನೂ ನೀರು ಸೇರುತ್ತದೆ. ಹಗ್ಗ ಹರಿದು ಟಾರ್ಪಲ್ ಬೀಳುವುದು ಅಪರೂಪ. ಸಡಿಲವಾಗಿ ಕೆಡುವುದೇ ಜಾಸ್ತಿ.

ಪ್ಯಾರಾಕಾರ್ಡ್ ತೊಂದರೆ ಇಲ್ಲೇ ಇರೋದು. ಅದು ನೈಲಾನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಶೂಟ್‌ಗೆ ಅಂತ ಬಳಕೆಗೆ ಬಂದ ಹಗ್ಗ. ಕೊಡೆ ಬಿಚ್ಚಿಕೊಂಡಾಗಿನ ಎಳೆತ ತಡೆಯಲು ಹಗ್ಗ ಹಿಗ್ಗಲೇಬೇಕಿತ್ತು. ಆ ಹಿಗ್ಗುವ ಗುಣ ಟಾರ್ಪಲ್‌ಗೆ ಬೇಡ. ನೈಲಾನ್ ನೀರು ಕುಡಿಯುತ್ತದೆ, ಒದ್ದೆಯಾದಾಗ ಇನ್ನೂ ಹಿಗ್ಗುತ್ತದೆ, ಬಲವೂ ಸ್ವಲ್ಪ ಇಳಿಯುತ್ತದೆ. 4 ಮಿ.ಮೀ. ಪ್ಯಾರಾಕಾರ್ಡ್ ಸುಮಾರು 250 ಕೆ.ಜಿ. ತಡೆಯುತ್ತದೆ, ನಿಜ. ನಿಮಗೆ ಅಷ್ಟು ಬೇಕಾಗಿಲ್ಲ. ಒಳಗಿನ 7 ಎಳೆ ಎಳೆದು ತೆಗೆದು ಬರೀ ಹೊದಿಕೆ ಬಳಸುವವರೂ ಇದ್ದಾರೆ. ತೂಕ ಇಳಿಯುತ್ತದೆ, ಆದರೆ ನೈಲಾನ್ ಗುಣ ಎಲ್ಲಿ ಹೋಗುತ್ತದೆ? ಪಾಲಿಯೆಸ್ಟರ್ ಹಾಗಲ್ಲ. ನೀರು ಹೀರುವುದು ತೀರಾ ಕಡಿಮೆ, ಹಿಗ್ಗುವುದೂ ಕಡಿಮೆ, ಬಿಸಿಲಿಗೂ ಬಾಳುತ್ತದೆ.

ಇನ್ನು ಡೈನೀಮಾ, ಅಂದರೆ ವಿಶೇಷ ಬಲದ ಪಾಲಿಥಿನ್ ನಾರಿನಿಂದ ಹೆಣೆದ ಹಗ್ಗ. ತೂಕದ ಲೆಕ್ಕದಲ್ಲಿ ಇದನ್ನು ಮೀರಿಸುವ ಹಗ್ಗ ಸಿಗುವುದು ಕಷ್ಟ. 2 ಮಿ.ಮೀ. ಒಳಗಿನ ದಪ್ಪದಲ್ಲೇ ಪ್ಯಾರಾಕಾರ್ಡ್‌ಗೆ ಹತ್ತಿರದ ಬಲ. ನೀರು ಕುಡಿಯಲ್ಲ, ನೀರಲ್ಲಿ ತೇಲುತ್ತದೆ, ಹಿಗ್ಗುವುದೇ ಇಲ್ಲ ಅನ್ನಬಹುದು. ಆದರೆ ಮೈ ನುಣುಪು. ಪಾಲಿಯೆಸ್ಟರ್‌ನಲ್ಲಿ ಚೆನ್ನಾಗಿ ಕಚ್ಚುವ ಗಂಟು ಇದರಲ್ಲಿ ಮೆಲ್ಲಗೆ ಜಾರುತ್ತದೆ. 150 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕರಗುವುದರಿಂದ ಬೆಂಕಿ ಪಕ್ಕ ಇಡುವ ಹಾಗಿಲ್ಲ. ಬೆಲೆಯೂ ಜಾಸ್ತಿ. ಗಂಟು ಕೈಗೆ ಹತ್ತಿದ ಮೇಲೆ ಎರಡು ಮರದ ನಡುವಿನ ಮುಖ್ಯ ಹಗ್ಗಕ್ಕೆ ಮಾತ್ರ ಇದನ್ನು ತಗೊಳ್ಳಿ. ಮೊದಲ ಸಲಕ್ಕೆ ಬೇಡ.

ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಅಡಿಕೆ ಅಂಗಳದ ಟಾರ್ಪಲ್‌ಗೆ ಸರಿ. ಒರಟು ಜಾಸ್ತಿ, ಗಂಟು ತಾನಾಗೇ ಬಿಚ್ಚಿಕೊಳ್ಳುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಹೊರಲು ಬೇಡ.

ಉದ್ದ ಎಷ್ಟು ಬೇಕು? ಮುಖ್ಯ ಹಗ್ಗಕ್ಕೆ 10 ಮೀಟರ್. ಊರ ಲೆಕ್ಕದಲ್ಲಿ ಸುಮಾರು ಆರು ಮಾರು. ನಾಲ್ಕು ಮೂಲೆ, ಎರಡು ಪಕ್ಕದ ನಡು, ಹೀಗೆ ಆರು ಕಡೆಗೆ ತಲಾ ಎರಡೂವರೆ ಮೀಟರ್. ಒಟ್ಟು 25 ಮೀಟರ್. ಪ್ಯಾರಾಕಾರ್ಡ್‌ನಲ್ಲಿ ಇದು ಸುಮಾರು 170 ಗ್ರಾಂ ಆಗುತ್ತದೆ. 2 ಮಿ.ಮೀ. ಪಾಲಿಯೆಸ್ಟರ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. 1.5 ಮಿ.ಮೀ.ಗೆ ಇಳಿದರೆ ಇನ್ನೂ ಹಗುರ, ಆದರೆ ಚಳಿಗೆ ಮರಗಟ್ಟಿದ ಒದ್ದೆ ಬೆರಳಿಗೆ ಅಷ್ಟು ಸಣ್ಣ ಗಂಟು ಸಿಗುವುದಿಲ್ಲ. ಬಣ್ಣ ಕಣ್ಣಿಗೆ ಹೊಡೆಯುವಂಥದ್ದೇ ಇರಲಿ. ಹಸಿರು, ಕಂದು ಹಗ್ಗ ಕತ್ತಲಲ್ಲಿ ಕಾಣುವುದಿಲ್ಲ, ಯಾರಾದರೂ ಎಡವುತ್ತಾರೆ.

ಈಗ ಗಂಟು. ಒಂದೇ ನಿಯಮ: ಕೊನೆಯ ಸುತ್ತಿಗೆ ತುದಿಯನ್ನು ಪೂರ್ತಿ ತೂರಿಸಬೇಡಿ. ಮಡಚಿ ಕುಣಿಕೆ ಮಾಡಿ ತೂರಿಸಿ. ಆಗ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಹಗ್ಗದಲ್ಲಿ ಬ್ರಹ್ಮಗಂಟು ಬಿದ್ದರೆ ಬೆಳಗ್ಗೆ ಚಾಕುವೇ ಗತಿ.

ಮೊದಲ ಮರಕ್ಕೆ ಬೋಲೈನ್. ಹಗ್ಗವನ್ನು ಮರಕ್ಕೆ ಬಳಸಿ ತನ್ನಿ. ಮುಖ್ಯ ಹಗ್ಗದಲ್ಲಿ ಒಂದು ಸಣ್ಣ ಸುತ್ತು ಮಾಡಿ. ತುದಿಯನ್ನು ಸುತ್ತಿನ ಅಡಿಯಿಂದ ಮೇಲೆ ತಂದು, ಮುಖ್ಯ ಹಗ್ಗದ ಹಿಂದಿನಿಂದ ಬಳಸಿ, ಅದೇ ಸುತ್ತಿನೊಳಗೆ ವಾಪಸ್ ಇಳಿಸಿ ಬಿಗಿಯಿರಿ. ಎಷ್ಟೇ ಎಳೆದರೂ ಕುಣಿಕೆ ಕಿರಿದಾಗುವುದಿಲ್ಲ, ಎಷ್ಟೇ ಭಾರ ಬಿದ್ದ ಮೇಲೂ ಬಿಚ್ಚಲು ಬರುತ್ತದೆ. ತುದಿ ಒಂದು ಗೇಣಾದರೂ ಉಳಿದಿರಲಿ. ಗಾಳಿಗೆ ಅಲುಗಾಡಿದಾಗ ಸಡಿಲ ಬೋಲೈನ್ ಕಳಚುವುದುಂಟು. ಮೇಲೆ ಹೇಳಿದ ಮಡಚುವ ನಿಯಮ ಇದಕ್ಕೆ ಬೇಕಿಲ್ಲ.

ಎರಡನೇ ಮರದ ಗಂಟನ್ನು ನೀವು ನೋಡೇ ಇರುತ್ತೀರಿ. ಅಡಿಕೆ ಮೂಟೆ ತುಂಬಿದ ಲಾರಿ ಮೇಲೆ ಟಾರ್ಪಲ್ ಹೊದಿಸಿ ಕ್ಲೀನರ್ ಹಗ್ಗ ಜಗ್ಗುವುದು ಇದೇ ರೀತಿ. ಇಂಗ್ಲಿಷಿನವರು ಟ್ರಕ್ಕರ್ಸ್ ಹಿಚ್ ಅನ್ನುತ್ತಾರೆ. ಮರದಿಂದ ಒಂದು ಮಾರು ಈಚೆ, ಹಗ್ಗದ ನಡುವೆಯೇ ಒಂದು ಜಾರುವ ಕುಣಿಕೆ ಹಾಕಿ. ತುದಿಯನ್ನು ಮರಕ್ಕೆ ಬಳಸಿ ತಂದು, ಆ ಕುಣಿಕೆಯೊಳಗೆ ತೂರಿಸಿ, ಮರದ ಕಡೆಗೆ ಜಗ್ಗಿ. ಲೆಕ್ಕದ ಪ್ರಕಾರ ನೀವು ಎಳೆದದ್ದರ ಮೂರು ಪಟ್ಟು ಬಿಗಿ ಬರಬೇಕು. ಹಗ್ಗದ ಮೇಲೆ ಹಗ್ಗ, ತೊಗಟೆಯ ಮೇಲೆ ಹಗ್ಗ ತಿಕ್ಕಿ ಅದರಲ್ಲಿ ಒಳ್ಳೆ ಪಾಲು ಹೋಗುತ್ತದೆ. ಆದರೂ ಬರೀ ಕೈಯಲ್ಲಿ ಎಳೆದದ್ದಕ್ಕಿಂತ ಎಷ್ಟೋ ಮೇಲು. ಜಗ್ಗಿದ ಜಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ತುದಿ ಮಡಚಿ ಎರಡು ಅರೆಗಂಟು ಹಾಕಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಹೇಳಿಕೊಡುವವರು ಬಿಟ್ಟುಬಿಡುತ್ತಾರೆ. ಆ ನಡುವಿನ ಕುಣಿಕೆ ಮಾಡುವಾಗ ಮಡಚಿ ತೂರಿಸುವ ಹಗ್ಗ ತುದಿಯ ಕಡೆಯದಾಗಿರಬೇಕು. ಟಾರ್ಪಲ್ ಕಡೆಯ ಹಗ್ಗ ಮಡಚಿ ತೂರಿಸಿದರೆ, ಬಿಗಿದಾಗ ಕುಣಿಕೆ ಮುಚ್ಚಿಕೊಂಡು ಹಗ್ಗವನ್ನೇ ಕಚ್ಚಿ ಹಿಡಿಯುತ್ತದೆ. ಆಮೇಲೆ ಜಗ್ಗಲೂ ಆಗಲ್ಲ, ಬಿಚ್ಚಲೂ ಆಗಲ್ಲ. ಮನೆಯಲ್ಲಿ ಕಿಟಕಿ ಸರಳಿಗೆ ಎರಡು ರೀತಿಯಲ್ಲೂ ಹಾಕಿ ನೋಡಿ, ಕೈಗೇ ಗೊತ್ತಾಗುತ್ತದೆ.

ಬಿಗಿ ಸಿಗುತ್ತದೆ ಅಂತ ತಂತಿ ಥರ ಎಳೆಯಬೇಡಿ. ಹಗ್ಗದ ನಡುವೆ 10 ಕೆ.ಜಿ. ಭಾರ ಬಿದ್ದಾಗ ಎರಡೂ ಕಡೆ 30 ಡಿಗ್ರಿ ಬಾಗಿದರೆ ಹಗ್ಗದ ಮೇಲಿನ ಎಳೆತ 10 ಕೆ.ಜಿ. ಮಾತ್ರ. ಬರೀ 5 ಡಿಗ್ರಿ ಬಾಗುವಷ್ಟು ಬಿಗಿದಿದ್ದರೆ ಅದೇ ಭಾರಕ್ಕೆ ಸುಮಾರು 57 ಕೆ.ಜಿ. ಎಳೆತ. ಗಂಟು ಇರುವ ಜಾಗದಲ್ಲಿ ಹಗ್ಗದ ಬಲ ಅರ್ಧಕ್ಕೆ ಇಳಿಯಬಹುದು ಅನ್ನೋದನ್ನೂ ಸೇರಿಸಿಕೊಳ್ಳಿ. ಸಣ್ಣ ಹಗ್ಗ ತಗೊಳ್ಳುವವರು ಈ ಲೆಕ್ಕ ಮರೆಯಬಾರದು.

ಮೂಲೆಗಳಿಂದ ಗೂಟಕ್ಕೆ ಬರುವ ಹಗ್ಗಕ್ಕೆ ಟಾಟ್‌ಲೈನ್ ಗಂಟು. ರಾತ್ರಿ ಎದ್ದು ಬಿಚ್ಚದೆಯೇ ಬಿಗಿ ಮಾಡಬಹುದು. ತುದಿಯನ್ನು ಗೂಟಕ್ಕೆ ಬಳಸಿ ತಂದು, ಮೂಲೆಯಿಂದ ಬಂದ ಅದೇ ಹಗ್ಗಕ್ಕೆ ಗೂಟದ ಕಡೆ, ಅಂದರೆ ಕುಣಿಕೆಯ ಒಳಗೆ, ಎರಡು ಸುತ್ತು. ಆಮೇಲೆ ಕುಣಿಕೆಯ ಹೊರಗೆ, ಅದೇ ದಿಕ್ಕಿಗೆ ಇನ್ನೊಂದು ಸುತ್ತು ಹಾಕಿ ಸಿಕ್ಕಿಸಿ. ಸಣ್ಣ ಹಗ್ಗಕ್ಕೆ ಒಳಗಿನ ಸುತ್ತು ಮೂರು ಮಾಡಿ. ಕೈಯಿಂದ ಸರಿಸಿದರೆ ಸರಿಯುತ್ತದೆ, ಟಾರ್ಪಲ್ ಎಳೆದರೆ ನಿಲ್ಲುತ್ತದೆ. ಡೈನೀಮಾ ಇದರಲ್ಲೇ ಕೈಕೊಡುವುದು.

ನಾಲ್ಕನೆಯದು ಪ್ರುಸಿಕ್. ಟಾರ್ಪಲ್‌ನ ಎರಡು ತುದಿಯನ್ನು ಮುಖ್ಯ ಹಗ್ಗದ ಮೇಲೆ ಬೇಕಾದ ಕಡೆ ಸರಿಸಿ ನಿಲ್ಲಿಸಲು. ಮುಖ್ಯ ಹಗ್ಗಕ್ಕಿಂತ ಸಣ್ಣ ಹಗ್ಗದ ಬಳೆ ಮಾಡಿ, ಮೂರು ಸಲ ತನ್ನೊಳಗೇ ತೂರಿಸಿ ಸುತ್ತಿ. ಸುತ್ತುಗಳು ಒಂದರ ಮೇಲೊಂದು ಹತ್ತದೆ ಸಾಲಾಗಿ ಕೂತಿರಲಿ.

ಟಾರ್ಪಲ್‌ನ ಕಣ್ಣು, ಅಂದರೆ ಹಗ್ಗ ಕಟ್ಟುವ ತೂತಿನ ಬಳೆ, ಕಿತ್ತು ಬಂದರೆ ಗಾಬರಿ ಬೇಡ. ಒಂದು ಗೋಟಡಿಕೆ (ಸಿಪ್ಪೆ ಸಮೇತ ಒಣಗಿಸಿದ ಇಡೀ ಅಡಿಕೆ) ಜೇಬಿನಲ್ಲಿ ಇಟ್ಟುಕೊಂಡಿರಿ. ನಮ್ಮ ಕಡೆ ಯಾರ ಅಂಗಳದಲ್ಲಿ ಕೇಳಿದರೂ ಕೊಡುತ್ತಾರೆ. ಮೂಲೆಯಿಂದ ಒಂದು ಗೇಣು ಒಳಗೆ, ಟಾರ್ಪಲ್ ಅಡಿಯಿಂದ ಅಡಿಕೆ ಇಟ್ಟು, ಬಟ್ಟೆ ಅದರ ಸುತ್ತ ಮುದುರಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಉರುಟಾಗಿರುವುದರಿಂದ ಹರಿಯುವುದಿಲ್ಲ. ಕಲ್ಲಾದರೂ ಆಗುತ್ತದೆ, ಆದರೆ ಚೂಪು ಅಂಚು ತೆಳು ಬಟ್ಟೆಯನ್ನು ಕೊರೆಯುತ್ತದೆ.

ಪಾಲಿಯೆಸ್ಟರ್ ಹಿಗ್ಗದ ಕಾರಣ ಗಾಳಿ ಹೊಡೆತವೆಲ್ಲ ಟಾರ್ಪಲ್ ಹೊಲಿಗೆಗೇ ಬೀಳುತ್ತದೆ. ಹಳೆ ಸೈಕಲ್ ಟ್ಯೂಬಿನಿಂದ ಬೆರಳಗಲದ ಬಳೆ ಕತ್ತರಿಸಿ, ಮೂಲೆಗೂ ಹಗ್ಗಕ್ಕೂ ನಡುವೆ ಹಾಕಿ. ಪಂಕ್ಚರ್ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ಟಾರ್ಪಲ್ ಬಟ್ಟೆ ನೈಲಾನ್ ಆಗಿದ್ದರೆ ಅದೂ ಒದ್ದೆಯಾದಾಗ ಹಿಗ್ಗುತ್ತದೆ. ಮಲಗುವ ಮುಂಚೆ ಒಂದು ಸುತ್ತು ಹೋಗಿ ಎಲ್ಲ ಗಂಟು ಸರಿಸಿ ಬಿಗಿ ಮಾಡಿ.

ನೀರು ಹಗ್ಗದ ಮೇಲೇ ಹರಿದು ಒಳಗೆ ಬರುತ್ತದೆ, ಇದನ್ನು ತುಂಬಾ ಜನ ಎಣಿಸಿರುವುದಿಲ್ಲ. ಮರದ ಮೈ ಮೇಲೆ ಇಳಿದ ನೀರು ಮುಖ್ಯ ಹಗ್ಗ ಹಿಡಿದು ನೇರ ಟಾರ್ಪಲ್ ಅಡಿಗೆ ಬಂದು ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಟಾರ್ಪಲ್ ಅಂಚಿಗಿಂತ ಒಂದು ಗೇಣು ಹೊರಗೆ, ಎರಡೂ ಕಡೆ, ಗೇಣುದ್ದದ ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ಅಲ್ಲೇ ಇಳಿದುಹೋಗುತ್ತದೆ.

ಗೂಟದ ವಿಷಯಕ್ಕೆ ಬಂದರೆ, ಇಲ್ಲಿನ ನೆಲ ಎರಡು ಥರ. ಜಂಬಿಟ್ಟಿಗೆ, ಅಂದರೆ ಗಟ್ಟಿ ಕೆಂಪು ಕಲ್ಲು ಇರುವ ಕಡೆ ಗೂಟ ಇಳಿಯುವುದೇ ಇಲ್ಲ, ದೊಡ್ಡ ಕಲ್ಲಿಗೆ ಹಗ್ಗ ಬಳಸಿ ಕಟ್ಟಬೇಕು. ಗದ್ದೆ ಅಂಚಿನ ಮಣ್ಣಲ್ಲಿ ಸಲೀಸಾಗಿ ಇಳಿಯುತ್ತದೆ, ಮಳೆ ಬಂದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಅಲ್ಲಿ ಉದ್ದ ಗೂಟ ಬೇಕು, ಟಾರ್ಪಲ್‌ನಿಂದ ಆಚೆಗೆ ವಾಲಿಸಿ ಹೊಡೆಯಿರಿ, ಮೇಲೊಂದು ಕಲ್ಲು ಹೇರಿ.

ಅಡಿಕೆ ಮರಕ್ಕೆ ಮಾತ್ರ ದಯವಿಟ್ಟು ಕಟ್ಟಬೇಡಿ. ಸಣ್ಣ ಹಗ್ಗ ಗಾಳಿಗೆ ಗರಗಸದಂತೆ ಮರದ ಮೈ ಕೊರೆಯುತ್ತದೆ, ಅದು ಒಂದು ಮನೆಯ ವರ್ಷದ ದುಡಿಮೆ. ಕಾಡು ಮರಕ್ಕೂ ಹಗ್ಗದ ಅಡಿಗೆ ಮಡಚಿದ ಗೋಣಿಚೀಲ ಇಡಿ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಉಳಿಯುವ ಹಾಗಿಲ್ಲ, ಕೊಡಚಾದ್ರಿ ಸುತ್ತಮುತ್ತ ಈ ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಊರವರ ಮನೆ ಬಾಗಿಲಿಗೆ ಹೋಗಿ ಕೇಳಿದರೆ ಅವರ ಬ್ಯಾಣದಲ್ಲಿ (ಮನೆಯವರ ಹುಲ್ಲುಗಾವಲು ಜಾಗ) ಜಾಗ ತೋರಿಸುವವರು ಸಿಗುತ್ತಾರೆ.

ಟಾರ್ಪಲ್ ಬಟ್ಟೆ ಯಾವುದು, ಪಕ್ಕದ ನಡುವೆ ಕಣ್ಣು ಇದೆಯೋ ಇಲ್ಲವೋ ನೀವು ಬರೆದಿಲ್ಲ. ತಿಳಿಸಿದರೆ ಹಗ್ಗದ ಉದ್ದ ಇನ್ನೂ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ.