ಫ್ರಿಜ್ ಮುಟ್ಟಿದ್ರೆ ಜುಮ್ ಅಂತದೆ, ಎಂತ ಮಾಡೋದು?

ಈ ಸಲ ಬಂದ ಪತ್ರದಲ್ಲಿ ಮುಕ್ಕಾಲು ಭಾಗ ಫ್ರಿಜ್ಜಿನದ್ದೇ. ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಕಡೆ ಹೀಗೇ ಬಿಡಿ, ಇಷ್ಟು ವರ್ಷ ಕುಮಟೆಯಲ್ಲಿ ರಿಪೇರಿ ಮಾಡಿಕೊಂಡು ಬಂದವನಿಗೆ ಜೂನ್ ತಿಂಗಳಲ್ಲಿ ಊಟಕ್ಕೂ ಪುರುಸೊತ್ತು ಇರ್ತಿರಲಿಲ್ಲ. ಹೆಚ್ಚಿನ ಮನೆಯಲ್ಲಿ ಫ್ರಿಜ್ ಹಾಳಾಗಿರ್ತಾನೇ ಇರ್ಲಿಲ್ಲ ಅನ್ನೋದು ಬೇರೆ ಮಾತು, ಹಾಳಾಗಿದ್ದು ಸಾಕೆಟ್ಟೋ, ಬಾಗಿಲ ರಬ್ಬರೋ, ಇಲ್ಲ ಅದನ್ನ ಇಟ್ಟ ಜಾಗವೋ.

ಅಂಕೋಲೆಯಿಂದ ಒಬ್ಬರು ಅಕ್ಕ ಕೇಳಿದ್ದಾರೆ: ಬರಿಗಾಲಲ್ಲಿ ನಿಂತು ಫ್ರಿಜ್ ಬಾಗಿಲು ಮುಟ್ಟಿದ್ರೆ ಕೈ ಜುಮ್ ಅಂತದೆ. ಚಪ್ಪಲಿ ಹಾಕಿದ್ರೆ ಏನಾಗೋದಿಲ್ಲ. ಫ್ರಿಜ್ ಹೊಸದು. ಅಂಗಡಿಯವರು "ಸ್ವಲ್ಪ ಹಾಂಗೆ ಇರ್ತದೆ ಅಕ್ಕ, ಹೆದರಬೇಡಿ" ಅಂದ್ರು. ಹೌದಾ?

ಅಲ್ಲ ಅಕ್ಕ, ಹೆದರಲೇಬೇಕು. ಮೊದಲು ಕಾಲಿಗೆ ಒಣ ಚಪ್ಪಲಿ ಹಾಕಿಕೊಂಡು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಬಿಡಿ, ಆಮೇಲೆ ಇದನ್ನ ಓದಿ. ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ಅಂತೂ ರಿಪೇರಿ ಆಗೋವರೆಗೆ ಹಾಕೋದೇ ಬೇಡ.

ಫ್ರಿಜ್ಜಿನ ಒಳಗೆ ಮೋಟ್ರು, ವಾಯರು ಎಲ್ಲ ಇದೆ, ಹೊರಗಿನ ಮೈ ತಗಡು. ನಮ್ಮ ಊರಿನ ಥಂಡಿ (ಪಸೆ) ಗಾಳಿಗೆ ಒಂಚೂರು ಕರೆಂಟು ಆ ತಗಡಿಗೆ ಸೋರೋದು ಉಂಟು, ಅದನ್ನ ಭೂಮಿಗೆ ಕಳಿಸ್ಲಿಕ್ಕೆ ಅಂತಲೇ ಪ್ಲಗ್ಗಿನಲ್ಲಿ ಮೂರನೇದು, ದಪ್ಪ ಮತ್ತೆ ಉದ್ದ ಪಿನ್ ಇಟ್ಟಿರೋದು, ಅದೇ ಅರ್ಥ್ ಪಿನ್. ಅದು ಸರಿ ಇದ್ರೆ ಕರೆಂಟು ಆ ದಾರಿ ಹಿಡಿತದೆ. ಇಲ್ಲದಿದ್ರೆ ನೀವು ಮುಟ್ಟಿದಾಗ ನಿಮ್ಮ ಮೈಯೇ ದಾರಿ. ಹಳೇ ಹಂಚಿನ ಮನೆ ಒಂದರಲ್ಲಿ ಇದೇ ಕಂಪ್ಲೇಂಟಿಗೆ ಹೋಗಿದ್ದೆ, ಸಾಕೆಟ್ ನೋಡ್ಲಿಕ್ಕೆ ಚಂದ, ಮೂರು ತೂತು ಇದೆ, ಸ್ಕ್ರೂ ಬಿಚ್ಚಿ ನೋಡಿದ್ರೆ ಮೇಲಿನ ದೊಡ್ಡ ತೂತಿನ ಹಿಂದೆ ವಾಯರೇ ಇಲ್ಲ, ಜೇಡ ಬಲೆ ಕಟ್ಟಿ ಕೂತಿತ್ತು. ಹತ್ತಾರು ವರ್ಷ ಆ ಮನೆಯವರು ಮೂರು ತೂತು ಇದೆ ಅಂತ ನಂಬಿಕೊಂಡೇ ಇದ್ದರು.

ಇನ್ನೊಂದು ನಮ್ಮ ಕರಾವಳಿಯದ್ದೇ ತಾಪತ್ರಯ. ಆ ಪಿನ್ನಿನ ವಾಯರನ್ನ ನೆಲಕ್ಕೆ ಇಳಿಸ್ಲಿಕ್ಕೆ ಅರ್ಥ್ ಹೊಂಡ ತೆಗೆದಿರ್ತಾರೆ, ಇದ್ದಿಲು ಉಪ್ಪು ಹಾಕಿರ್ತಾರೆ, ಆದ್ರೆ ನೆಲ ಪೂರ್ತಿ ಚಿರೆಕಲ್ಲು. ಮಳೆಗಾಲದಲ್ಲಿ ಒದ್ದೆ ಇರ್ತದೆ, ಚೆನ್ನಾಗಿ ಕೆಲಸ ಮಾಡ್ತದೆ, ಏಪ್ರಿಲ್ ಮೇ ಹೊತ್ತಿಗೆ ಒಣಗಿ ಕಟಕಟ ಆಗ್ತದೆ, ಒಣಗಿದ ನೆಲ ಕರೆಂಟನ್ನ ಎಳ್ಕೊಳ್ಳೋದಿಲ್ಲ. ಬೇಸಿಗೆಯಲ್ಲಿ ಆ ಹೊಂಡಕ್ಕೆ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹೊಯ್ಯಿರಿ, ತುಳಸಿಗೆ ಹೊಯ್ದ ಹಾಂಗೆ. ಆದ್ರೂ ಲೈಸೆನ್ಸ್ ಇರೋ ಎಲೆಕ್ಟ್ರಿಶಿಯನ್ ಕರೆದು ಅರ್ಥಿಂಗ್ ಅಳೆಸಿ ನೋಡೋದು ಬಿಡಬೇಡಿ, ಟೆಸ್ಟರಿನ ದೀಪ ಉರಿಯಿತೋ ಇಲ್ಲವೋ ಅನ್ನೋದರ ಮೇಲೆ ತೀರ್ಮಾನ ಬೇಡ. ಹಾಂಗೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮೇನ್ ಬೋರ್ಡಿಗೆ ಹಾಕಿಸಿ, ಕರೆಂಟು ಸೋರಿದ್ದು ಗೊತ್ತಾದ ಕೂಡಲೇ ಅದು ಲೈನ್ ಕತ್ತರಿಸ್ತದೆ.

ಒಂದು ಮಾತ್ರ ಯಾವತ್ತೂ ಮಾಡಿಸಬೇಡಿ. ಅರ್ಥ್ ಇಲ್ಲ ಅಂದ್ರೆ ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೂ (ಕರೆಂಟು ವಾಪಸ್ ಹೋಗೋ ವಾಯರು) ಅರ್ಥಿಗೂ ಒಂದು ತುಂಡು ವಾಯರ್ ಜೋಡಿಸಿ "ಆಯ್ತು" ಅಂತ ದುಡ್ಡು ಇಸ್ಕೊಂಡು ಹೋಗ್ತಾರೆ. ಜುಮ್ ಅನ್ನೋದು ನಿಲ್ತದೆ ಹೌದು. ಗಾಳಿ ಮಳೆಗೆ ತೆಂಗಿನ ಹೆಡೆ ಬಿದ್ದು ನ್ಯೂಟ್ರಲ್ ವಾಯರ್ ಎಲ್ಲಾದ್ರೂ ತುಂಡಾಯ್ತೋ, ಆಗ ಫ್ರಿಜ್ಜಿನ ಇಡೀ ಮೈಗೆ 230 ವೋಲ್ಟ್ ಬಂದು ಕೂತಿರ್ತದೆ.

ಶಿರಸಿ ಹತ್ತಿರದ ಹಳ್ಳಿಯಿಂದ: ಕುಮಟೆಯಿಂದ ಫ್ರಿಜ್ ತಗೊಂಡು ಪಿಕಪ್ಪಿನಲ್ಲಿ ಮಲಗಿಸಿ ದೇವಿಮನೆ ಘಾಟಿ ಹತ್ತಿಸಿ ತಂದೆವು. ಬಂದ ಕೂಡಲೇ ಹಾಕಬಹುದಾ? ನಮ್ಮಲ್ಲಿ ತೋಟದ ಪಂಪ್ ಶುರುವಾದ್ರೆ ಲೈಟ್ ಸಣ್ಣ ಆಗ್ತದೆ. ಸ್ಟೆಬಿಲೈಜರ್ ಬೇಡ ಅಂದಿದ್ದಾರೆ ಅಂಗಡಿಯಲ್ಲಿ.

ಮಲಗಿಸಿ ತರಬಾರದಿತ್ತು ಭಾವ, ತಂದಾಯ್ತಲ್ಲ, ಈಗ ನೆಟ್ಟಗೆ ನಿಲ್ಲಿಸಿ ಒಂದು ದಿನ ಪೂರ್ತಿ ಸುಮ್ಮನೆ ಬಿಡಿ. ಕಂಪ್ರೆಸರಿನ ತಳದಲ್ಲಿ ಎಣ್ಣೆ ಇರ್ತದೆ, ಮಲಗಿಸಿದಾಗ ಅದು ಗ್ಯಾಸ್ ಓಡೋ ಪೈಪಿಗೆ ನುಗ್ತದೆ, ವಾಪಸ್ ಇಳೀಲಿಕ್ಕೆ ಹೊತ್ತು ಬೇಕು. ಆ ಘಾಟಿಯ ತಿರುವಿನಲ್ಲಿ ಮನುಷ್ಯರ ಹೊಟ್ಟೆಯಲ್ಲಿದ್ದದ್ದೇ ಮೇಲೆ ಬರ್ತದೆ, ಎಣ್ಣೆ ಕೇಳ್ತದಾ. ನಿಲ್ಲಿಸಿಯೇ ತಂದಿದ್ರೆ ಎರಡು ಮೂರು ತಾಸು ಸಾಕು.

ಜಾಗದ ವಿಷಯ. ಕಟ್ಟಿಗೆ ಒಲೆ ಪಕ್ಕ ಬೇಡ, ಬಿಸಿಲು ಬೀಳೋ ಕಿಟಕಿ ಎದುರು ಬೇಡ. ಫ್ರಿಜ್ ಅಂದ್ರೆ ತಂಪು ಹುಟ್ಟಿಸೋ ಪೆಟ್ಟಿಗೆ ಅಂತ ತಿಳ್ಕೊಂಡಿದ್ದೇವೆ, ಅದು ಮಾಡೋದು ಒಳಗಿನ ಬಿಸಿಯನ್ನ ಎತ್ತಿ ಹೊರಗೆ ಚೆಲ್ಲೋ ಕೆಲಸ. ಚೆಲ್ಲಲಿಕ್ಕೆ ಜಾಗವೇ ಇಲ್ಲ ಅಂದ್ರೆ ಎಲ್ಲಿ ಚೆಲ್ತದೆ? ಹಿಂದೆ ನಾಲ್ಕು ಬೆರಳಗಲ, ಎರಡೂ ಮಗ್ಗುಲಲ್ಲಿ ಗಾಳಿಗೆ ದಾರಿ ಬಿಡಿ, ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲಿ ಇನ್ನೂ ಜಾಸ್ತಿ ಬರೆದಿದ್ರೆ ಅದೇ ಲೆಕ್ಕ. ಈಗಿನ ಬಹಳ ಮಾಡೆಲ್ಲಿಗೆ ಬಿಸಿ ಪೈಪು ಮಗ್ಗುಲ ತಗಡಿನ ಒಳಗೇ ಇರೋದು, ಅಲ್ಲಿ ಕೈ ಇಟ್ಟರೆ ಬೆಚ್ಚಗಾಗ್ತದೆ, ಅದು ಫಾಲ್ಟ್ ಅಲ್ಲ. ಮುಂದಿನ ಕಾಲಿನ ಸ್ಕ್ರೂ ತಿರುಗಿಸಿ ಮುಂಭಾಗ ಒಂಚೂರೇ ಎತ್ತರ ಮಾಡಿ, ಬಾಗಿಲು ತನ್ನಷ್ಟಕ್ಕೆ ಮುಚ್ಕೊಳ್ತದೆ.

ಸ್ಟೆಬಿಲೈಜರ್: ಫ್ರಿಜ್ಜಿನ ಮೇಲೆ ಇಷ್ಟರಿಂದ ಇಷ್ಟು ವೋಲ್ಟ್ ತಡೀತದೆ ಅಂತ ಬರೆದಿರ್ತದೆ. ಪಂಪ್ ಓಡ್ತಾ ಇರೋವಾಗ ನಿಮ್ಮ ಮನೆಯ ವೋಲ್ಟೇಜ್ ಎಷ್ಟಿದೆ ಅಂತ ಅಳೆಸಿ, ಅದರ ಒಳಗೆ ಬಂದ್ರೆ ಬೇಡ, ಇಳಿದ್ರೆ ಬೇಕು. ಅಂಗಡಿಯವರಿಗೆ ನಿಮ್ಮ ತೋಟದ ಪಂಪಿನ ಸಂಗತಿ ಹೇಗೆ ಗೊತ್ತಿರ್ತದೆ? ಕರೆಂಟು ಹೋಗಿ ಬಂದಾಗ ಮೂರು ನಿಮಿಷ ತಡೆದು ಹಾಕಿ, ಪೈಪಿನ ಒಳಗಿನ ಒತ್ತಡ ಇಳೀಬೇಕು, ಇಲ್ಲದಿದ್ರೆ ಕಂಪ್ರೆಸರ್ ಏಳಲಾರದೆ ಗುಂಯ್ ಅಂತ ನರಳ್ತದೆ. ಗುಡುಗು ಸಿಡಿಲಿನ ದಿನ ಪ್ಲಗ್ ಪೂರ್ತಿ ತೆಗೀರಿ, ಸಿಡಿಲು ಶುರುವಾಗೋ ಮೊದಲೇ. ಮತ್ತೆ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಮಿಕ್ಸರ್ ಜೊತೆ ಫ್ರಿಜ್ಜನ್ನೂ ಹಾಕೋರು ಇದ್ದಾರೆ, ದಯವಿಟ್ಟು ಬೇಡ, ಅದಕ್ಕೆ ಗೋಡೆಯಲ್ಲೇ ಅದರದ್ದೇ ಸಾಕೆಟ್ ಇರಲಿ.

ಕಾರವಾರ ಕೋಡಿಬಾಗದಿಂದ: ಎರಡೇ ವರ್ಷಕ್ಕೆ ಫ್ರಿಜ್ಜಿನ ಬುಡ ತುಕ್ಕು ಹಿಡಿದಿದೆ. ಮೋಸ ಹೋದೆವಾ?

ಇಲ್ಲ, ಸಮುದ್ರದ ಗಾಳಿ. ನಿಮ್ಮ ಕಿಟಕಿ ಸರಳು ಹೇಗಿದೆ ನೋಡಿ, ಅದೇ ಕತೆ ಇದು. ಗಾಳಿಯಲ್ಲಿ ಬಂದ ಉಪ್ಪು ತಗಡಿಗೆ ಅಂಟಿಕೊಂಡು ನೀರಿನ ಪಸೆಯನ್ನ ಹಿಡಿದಿಟ್ಟುಕೊಳ್ತದೆ. ಹದಿನೈದು ದಿನಕ್ಕೊಮ್ಮೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ, ವರ್ಷಕ್ಕೆರಡು ಸಲ ಕಾರಿಗೆ ಹಚ್ಚೋ ವ್ಯಾಕ್ಸ್ ಪಾಲಿಶ್ ಹಚ್ಚಿ. ಗೀರು ಬಿದ್ದಲ್ಲಿ ಟಚಪ್ ಪೇಂಟ್. ನೆಲ ಒರೆಸೋವಾಗ ಬಕೆಟ್ ನೀರು ಫ್ರಿಜ್ಜಿನ ಅಡಿಗೆ ಚೆಲ್ಲೋದು ನಿಲ್ಲಿಸಿ, ಸ್ಟ್ಯಾಂಡ್ ಮೇಲೆ ಇಡಿ. ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಹಿಂದಿನ ಧೂಳು, ಜಿರಲೆ ಗೂಡು ಮೆತ್ತನೆ ಬ್ರಶ್ಶಿನಲ್ಲಿ ಗುಡಿಸಿ.

ಮತ್ತೆ ಆ ಪ್ಲಾಸ್ಟಿಕ್ ಕವರು. ಮೇಲೆ ಕವರು, ಕವರಿನ ಮೇಲೆ ಕ್ರೋಶಾ ಬಟ್ಟೆ, ಅದರ ಮೇಲೆ ಹೂದಾನಿ, ಬಾಗಿಲ ಹಿಡಿಗೂ ಒಂದು ಅಂಗಿ. ಒಳಗೆ ಥಂಡಿ ಕೂತು ತಗಡು ಕೊಳೀತದೆ ಅಂತ ನಾನು ಎಷ್ಟು ಮನೆಯಲ್ಲಿ ಹೇಳಿ ಬಂದಿದ್ದೇನೋ, ಒಬ್ಬರೂ ತೆಗೆದಿಲ್ಲ. ನಮ್ಮ ಮನೆಯಲ್ಲೂ ತೆಗೆದಿಲ್ಲ.

ಕುಮಟೆಯಿಂದ: ಫ್ರೀಜರಿನಲ್ಲಿ ಐಸ್ ಗುಡ್ಡ ಆಗಿತ್ತು. ನಮ್ಮನೆಯವರು ಚಾಕು ಹಾಕಿ ಕೆತ್ತಿದರು, ಸುಸ್ ಅಂತು, ಆಮೇಲೆ ತಂಪೇ ಇಲ್ಲ. ಆ ಗ್ಯಾಸ್ ಅಪಾಯವಾ?

ನಿಮ್ಮನೆಯವರೊಬ್ಬರೇ ಅಲ್ಲ, ಬಹಳ ಗಂಡಸರ ಕೈಯಲ್ಲಿ ಇದೇ ಆಗಿದೆ. ಐಸಿನ ಹಿಂದೆ ಇರೋದು ತೆಳು ಅಲ್ಯುಮಿನಿಯಂ, ಅದರ ಒಳಗೇ ಗ್ಯಾಸಿನ ದಾರಿ. ಈಗಿನ ಹೆಚ್ಚಿನ ಫ್ರಿಜ್ಜಿನಲ್ಲಿ ಇರೋದು ಆರ್ 600ಎ, ಅಂದ್ರೆ ಐಸೋಬ್ಯುಟೇನ್, ಅಡುಗೆ ಸಿಲಿಂಡರಿನ ಗ್ಯಾಸಿನ ದಾಯಾದಿ. ಹತ್ತಾರು ಗ್ರಾಂ ಮಾತ್ರ ಇರ್ತದೆ, ಸಿಲಿಂಡರಿನಷ್ಟು ಅಲ್ಲ, ಆದ್ರೆ ಹೊತ್ತಿಕೊಳ್ತದೆ, ಗಾಳಿಗಿಂತ ಭಾರ ಆದ್ದರಿಂದ ನೆಲದ ಹತ್ತಿರ ಕೂತ್ಕೊಳ್ತದೆ. ಸುಸ್ ಶಬ್ದ ಕೇಳಿದ್ರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆಗೀರಿ, ಅಲ್ಲಿನ ಸ್ವಿಚ್ ಹಾಕೋದೂ ಬೇಡ, ತೆಗೆಯೋದೂ ಬೇಡ, ಹೊರಗೆ ಬನ್ನಿ.

ರಿಪೇರಿಗೆ ಬರೋರನ್ನ ಆರ್ 600ಎ ಕೆಲಸ ಗೊತ್ತುಂಟಾ ಅಂತ ಕೇಳಿಯೇ ಒಳಗೆ ಬಿಡಿ. ನಮ್ಮ ಕಾಲದಲ್ಲಿ ಆರ್ 12 ಅನ್ನೋ ಗ್ಯಾಸ್ ಇತ್ತು, ಬೆಂಕಿಗೆ ಹೊತ್ತಿಕೊಳ್ಳೋದಲ್ಲ, ಆದ್ರೆ ಓಝೋನ್ ಪದರಕ್ಕೆ ಕೇಡು ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ನಿಧಾನಕ್ಕೆ ಹೋಯ್ತು, ಆಮೇಲೆ ಆರ್ 134ಎ ಬಂತು, ಅದೂ ಹೊತ್ತಿಕೊಳ್ಳೋದಲ್ಲ. ಹಾಂಗಾಗಿ ನಮಗೆ ಪೈಪ್ ಕಂಡ ಕೂಡಲೇ ಬೆಸುಗೆಯ ಬೆಂಕಿ ಟಾರ್ಚ್ ಹಚ್ಚೋ ರೂಢಿ. ಐಸೋಬ್ಯುಟೇನ್ ಫ್ರಿಜ್ ಹೊಸದಾಗಿ ಬಂದಾಗ ಒಂದಿನ ನಾನೂ ಲೈಟರ್ ಕೈಯಲ್ಲಿ ಹಿಡಿದಿದ್ದೆ, ಕಂಪ್ರೆಸರಿನ ಮೇಲಿನ ಹಳದಿ ಸ್ಟಿಕ್ಕರಿನ ಬೆಂಕಿ ಚಿತ್ರ ಕಣ್ಣಿಗೆ ಬಿತ್ತು, ಬಚಾವ್. ಆ ಸ್ಟಿಕ್ಕರನ್ನ ನೀವೂ ಒಮ್ಮೆ ಹಿಂದೆ ಹೋಗಿ ನೋಡಿ. ಯಾವ ಗ್ಯಾಸ್ ಬರೆದಿದೆಯೋ ಅದನ್ನೇ ತುಂಬಿಸಬೇಕು, "ಎಂತದಾದ್ರೂ ನಡೀತದೆ" ಅನ್ನೋರನ್ನ ವಾಪಸ್ ಕಳಿಸಿ.

ಐಸ್ ಅರ್ಧ ಸೆಂಟಿಮೀಟರ್ ಆದ ಕೂಡಲೇ ಐಸ್ ಕರಗಿಸೋ ಡಿಫ್ರಾಸ್ಟ್ ಬಟನ್ ಒತ್ತಿ. ಗಡಿಬಿಡಿ ಇದ್ರೆ ಸ್ವಿಚ್ ಆಫ್ ಮಾಡಿ ಒಳಗೆ ಒಂದು ಪಾತ್ರೆ ಬಿಸಿನೀರು ಇಟ್ಟು ಬಾಗಿಲು ತೆಗೆದಿಡಿ. ಗುಡ್ಡ ಮತ್ತೆ ಮತ್ತೆ ಬೆಳೀತಾ ಇದ್ರೆ ಬಾಗಿಲ ರಬ್ಬರಿನಲ್ಲಿ ಹೊರಗಿನ ಪಸೆ ಗಾಳಿ ನುಗ್ತಾ ಇದೆ ಅಂತ ಅರ್ಥ. ಒಂದು ನೋಟು ಬಾಗಿಲ ಸಂದಿಗೆ ಸಿಗಿಸಿ ಮುಚ್ಚಿ ಎಳೆಯಿರಿ, ಸಲೀಸಾಗಿ ಬಂತು ಅಂದ್ರೆ ಅಲ್ಲಿ ರಬ್ಬರ್ ಹೋಗಿದೆ. ಕೆಲವು ಸಲ ಹೋಗಿರೋದಿಲ್ಲ, ಮಡಿಕೆಯಲ್ಲಿ ಕಪ್ಪು ಬೂಷ್ಟು, ಹುಳಿಪುಡಿ, ಬೆಲ್ಲದ ಅಂಟು ಕೂತಿರ್ತದೆ, ಉಗುರು ಬೆಚ್ಚಗಿನ ನೀರಿಗೆ ಸೋಡಾಪುಡಿ ಹಾಕಿ ಹಳೇ ಹಲ್ಲುಜ್ಜೋ ಬ್ರಶ್ಶಿನಲ್ಲಿ ತಿಕ್ಕಿದ್ರೆ ಸಾಕು.

ಹೊನ್ನಾವರದಿಂದ: ಟ್ರಾಲರ್ ಬಂದ್ ಆಗೋ ಮೊದಲೇ ಬಂಗಡೆ, ಸಿಗಡಿ ತಂದು ಫ್ರೀಜರ್ ತುಂಬಿಸಿದ್ದೆವು. ಮರ ಬಿದ್ದು ಎರಡು ದಿನ ಕರೆಂಟಿಲ್ಲ. ವಾಸನೆ ಬರೋದಿಲ್ಲ, ತಿನ್ನಬಹುದಾ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿ ಇಳಿಯೋದಿಲ್ಲ, ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟೆಲ್ಲ ಸಾಲಾಗಿ ಕಟ್ಟಿರ್ತಾರೆ, ಮೀನಿನ ರೇಟು ಮುಟ್ಟಲಿಕ್ಕಾಗೋದಿಲ್ಲ, ನೀವು ತುಂಬಿಸಿದ್ದು ತಪ್ಪಲ್ಲ. ಆದ್ರೆ ವಾಸನೆ ನಂಬಬೇಡಿ. ಬಂಗಡೆ, ತಾರ್ಲೆ ಇಂಥ ಮೀನು ಬೆಚ್ಚಗಾದ್ರೆ ಅದರಲ್ಲಿ ಹಿಸ್ಟಮಿನ್ ಅನ್ನೋದು ಹುಟ್ಕೊಳ್ತದೆ. ಒಮ್ಮೆ ಹುಟ್ಟಿದ್ರೆ ಎಷ್ಟೇ ಕುದಿಸಿ, ಎಷ್ಟೇ ಹುರೀರಿ, ಮತ್ತೆ ಫ್ರೀಜ್ ಮಾಡಿ, ಅದು ಹೋಗೋದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ಮೈ ತುರಿಸಿ ತಲೆ ಸಿಡೀತದೆ, ಜನ ಮೀನು ನಂಜಾಯ್ತು ಅಂತಾರೆ.

ಲೆಕ್ಕ ಹೀಗೆ. ಬಾಗಿಲು ತೆಗೆಯದೇ ಇದ್ರೆ ಗಿಚ್ಚಿ ತುಂಬಿದ ಫ್ರೀಜರ್ 48 ತಾಸು ತಡೀತದೆ, ಅರ್ಧ ತುಂಬಿದ್ದು 24 ತಾಸು, ಕೆಳಗಿನ ಫ್ರಿಜ್ ಬರೀ 4 ತಾಸು. ನೀವು ನಡುನಡುವೆ "ಹೇಗಿದೆ ನೋಡುವ" ಅಂತ ತೆಗೆದಿರ್ತೀರಿ, ಗೊತ್ತು ನಂಗೆ. ಮೀನಿನಲ್ಲಿ ಇನ್ನೂ ಐಸಿನ ಹರಳು ಇದ್ರೆ ಇವತ್ತೇ ಸಾರು ಮಾಡಿ ಮುಗಿಸಿ. ಮೆತ್ತಗಾಗಿ ನೀರು ಬಿಟ್ಟಿದ್ರೆ ತೆಂಗಿನ ಬುಡಕ್ಕೆ, ಹೊಟ್ಟೆ ಉರಿದರೂ ಸರಿ.

ಇನ್ನು ಮುಂದೆ ಹೀಗೆ ಮಾಡಿ, ಒಂದು ಲೋಟ ನೀರು ಫ್ರೀಜರಿನಲ್ಲಿ ಗಟ್ಟಿ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಅಲ್ಲೇ ಬಿಡಿ. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೇ ಇದ್ರೆ ಚಿಂತೆ ಇಲ್ಲ, ತಳದಲ್ಲಿ ಸಿಕ್ಕಿದ್ರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಮೀನು ತಂದ ಕೂಡಲೇ ಹೊಟ್ಟೆ ಕಿವಿರು ತೆಗೆದು ತೊಳೆದು ಒಂದೊಂದು ಊಟದ್ದು ಬೇರೆ ಬೇರೆ ಡಬ್ಬಿಗೆ ಹಾಕಿ, ಫ್ರೀಜರ್ ಮೈನಸ್ 18 ಡಿಗ್ರಿ, ಕೆಳಗೆ 4 ಡಿಗ್ರಿ ದಾಟದ ಹಾಂಗೆ ಇರಲಿ. ಮೀನಿನ ಡಬ್ಬಿ ಯಾವತ್ತೂ ಕೆಳಗಿನ ಅರೆಯಲ್ಲಿ, ಮೇಲಿಟ್ಟರೆ ಅದರ ನೀರು ತಂಬುಳಿ ಪಾತ್ರೆಗೆ ಇಳೀತದೆ.

ಶಿರಸಿಯಿಂದ: ಅಮ್ಮನ ಇನ್ಸುಲಿನ್ ಬಾಗಿಲಲ್ಲಿ ಇಡಬಹುದಾ?

ಬಾಗಿಲಲ್ಲಿ ಬೇಡ, ತೆಗೆದಾಗೆಲ್ಲ ಬಿಸಿ ಗಾಳಿ ಬಡೀತದೆ. ಫ್ರೀಜರಿಗೆ ತಾಗಿಯೂ ಬೇಡ. ತೆರೆಯದ ಬಾಟ್ಲಿಗೆ 2ರಿಂದ 8 ಡಿಗ್ರಿ ಬೇಕು, ನಡು ಅರೆಯಲ್ಲಿ ಮುಚ್ಚಳದ ಡಬ್ಬಿಯೊಳಗೆ ಇಡಿ. ಒಮ್ಮೆ ಹೆಪ್ಪುಗಟ್ಟಿದ್ರೆ ಕರಗಿಸಿ ಕೊಡಬಾರದು, ಹೊಸದು ತನ್ನಿ.

ಭಟ್ಕಳದಿಂದ: ಹಳೇ ಫ್ರಿಜ್ ಹಿತ್ತಲಲ್ಲಿ ಇಟ್ಟಿದ್ದೇವೆ, ಗುಜರಿಯವನು ಬರೋವರೆಗೆ. ಏನಾದ್ರೂ ನೋಡ್ಕೋಬೇಕಾ?

ಇವತ್ತೇ ಬಾಗಿಲು ಬಿಚ್ಚಿ. ಕಣ್ಣುಮುಚ್ಚಾಲೆ ಆಡೋ ಮಕ್ಕಳು ಒಳಗೆ ಹೋಗಿ ಕೂತ್ರೆ ಗಾಳಿ ಇರೋದಿಲ್ಲ, ಕೂಗಿದ್ರೂ ಹೊರಗೆ ಕೇಳೋದಿಲ್ಲ. ಒಂದು ಸ್ಪ್ಯಾನರ್ ಸಾಕು, ಮೇಲಿನ ಹಿಂಜು ಬಿಚ್ಚಿದ್ರೆ ಬಾಗಿಲು ಎತ್ತಿ ತೆಗೀಬಹುದು. ಹಿಂದಿನ ಪೈಪ್ ಮಾತ್ರ ಕತ್ತರಿಸಬೇಡಿ, ಗ್ಯಾಸ್ ಇನ್ನೂ ಇರ್ತದೆ. ಬಿಚ್ಚಿದ ಬಾಗಿಲನ್ನ ಬಾವಿಕಟ್ಟೆ ಹತ್ತಿರ ಬಟ್ಟೆ ಒಗೀಲಿಕ್ಕೆ ಹಾಕಿಕೊಂಡವರನ್ನ ಕಂಡಿದ್ದೇನೆ, ಜಾರ್ತದೆ, ಅದೂ ಬೇಡ.