ಮಾತ್ರೆ ಜೊತೆ ಮೆಣಸು ತಿಂದರೆ ಸಾಕಾ?

ಪ್ರಶ್ನೆ: ಆಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾವನ್ನು ಗಿಡದ ರಾಸಾಯನಿಕಗಳು ಮಣಿಸುತ್ತವೆ ಎಂದು ಓದಿದೆ. ಕಾಳುಮೆಣಸಿನ ಹೆಸರೂ ಇತ್ತು. ಹಾಗಾದರೆ ಮಾತ್ರೆ ಜೊತೆ ನಾಲ್ಕು ಕಾಳು ಅಗಿದರೆ ಸಾಕಲ್ವಾ?

ಉತ್ತರ: ಓದಿದ್ದು ಸುಳ್ಳಲ್ಲ. ಆದರೆ ಮೆಣಸಿನ ಡಬ್ಬಿಗೆ ಈಗಲೇ ಕೈ ಹಾಕಬೇಡಿ.

ಕೆಲವು ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಪಂಪುಗಳಿರುತ್ತವೆ. ಔಷಧ ಒಳಗೆ ಬಂದ ಹಾಗೇ ಹೊರಗೆ ದಬ್ಬುತ್ತವೆ. ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದಲ್ಲಿರುವ ಇಂಥ ಒಂದು ಪಂಪಿನ ಹೆಸರು ನಾರ್-ಎ. ಸರ್ಪಗಂಧದ ರಿಸರ್ಪಿನ್, ಮೆಣಸಿನ ಪೈಪರಿನ್ ಎರಡೂ ಇದನ್ನು ತಡೆಯುತ್ತವೆ. ಆಗ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಒಳಗೇ ಉಳಿದು ಕೆಲಸ ಮಾಡುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಬರ್ಬೆರಿಸ್ ಗಿಡದ ಕತೆ. ಇದು 2000ರಲ್ಲಿ ಬೆಳಕಿಗೆ ಬಂತು. ಆ ಗಿಡದ ಬರ್ಬೆರಿನ್ ಬ್ಯಾಕ್ಟೀರಿಯಾಕ್ಕೆ ವಿಷ, ಆದರೆ ಪಂಪು ಅದನ್ನು ಸಲೀಸಾಗಿ ಹೊರಹಾಕುತ್ತದೆ. ಗಿಡದಲ್ಲೇ ಇನ್ನೊಂದು ವಸ್ತುವೂ ಇದೆ. ಅದಕ್ಕೆ ತಾನಾಗಿ ಕೊಲ್ಲುವ ಶಕ್ತಿ ಇಲ್ಲ, ಪಂಪನ್ನು ಕಟ್ಟಿಹಾಕುವುದಷ್ಟೇ ಕೆಲಸ. ಕಿಲಾಡಿ ಗಿಡ ಅಲ್ವಾ!

ಲ್ಯಾಬಿನಲ್ಲಿ ನಾವು ಇದನ್ನು 96 ಗುಳಿಗಳ ತಟ್ಟೆಯಲ್ಲಿ ನೋಡುತ್ತೇವೆ. ಅಡ್ಡಕ್ಕೆ ಆಂಟಿಬಯಾಟಿಕ್ ಪ್ರಮಾಣ ಇಳಿಸುತ್ತಾ ಹೋಗುತ್ತೇವೆ, ಉದ್ದಕ್ಕೆ ಗಿಡದ ರಾಸಾಯನಿಕದ್ದು. ಮರುದಿನ ಗುಳಿ ಕದಡಿದ್ದರೆ ಬ್ಯಾಕ್ಟೀರಿಯಾ ಬೆಳೆದಿದೆ. ತಿಳಿಯಾಗಿದ್ದರೆ ನಮಗೆ ಖುಷಿ.

ಆದರೆ ತಟ್ಟೆ ಬೇರೆ, ದೇಹ ಬೇರೆ. ರಿಸರ್ಪಿನ್ ಬಿಪಿ ಇಳಿಸುವ ಔಷಧ. ಪಂಪು ನಿಲ್ಲಿಸುವಷ್ಟು ಪ್ರಮಾಣವನ್ನು ಮನುಷ್ಯರ ದೇಹ ತಾಳುವುದಿಲ್ಲ. ಪೈಪರಿನ್ ಕೆಲವು ಔಷಧಗಳನ್ನು ರಕ್ತದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಉಳಿಸಬಹುದು. ಅಗಿದ ನಾಲ್ಕು ಕಾಳಿನಿಂದ ಸೋಂಕಿನ ಜಾಗಕ್ಕೆ ಸಾಕಷ್ಟು ಪೈಪರಿನ್ ತಲುಪುತ್ತದೆ ಎಂದು ನಂಬಿ ಕೂರಬೇಡಿ. ವೈದ್ಯರು ಬರೆದ ಮಾತ್ರೆಯನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ.