ಸಿದ್ದಿಗಳ ಬಗ್ಗೆ ಕಿರುಚಿತ್ರ: ಮುಖ ಯಾಕೆ ಸರಿಯಾಗಿ ಬರುತ್ತಿಲ್ಲ, ಕಥೆ ಎಲ್ಲಿಂದ ಹಿಡಿಯಲಿ?

ಉತ್ತರ ಕನ್ನಡದ ಸಿದ್ದಿಗಳ (ಆಫ್ರಿಕಾ ಮೂಲದ ಸಮುದಾಯ) ಬಗ್ಗೆ 12 ನಿಮಿಷದ ಚಿತ್ರ ಮಾಡ್ತಿದ್ದೀರಿ, ಟೆಸ್ಟ್ ಶೂಟ್‌ನಲ್ಲಿ ಮುಖಗಳು ಒಮ್ಮೆ ಕತ್ತಲು, ಒಮ್ಮೆ ಬೂದಿ ಅಂದಿರಿ. ಮೊದಲು ಆಟೋ ಎಕ್ಸ್‌ಪೋಷರ್ (ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವುದು) ಆಫ್ ಮಾಡಿ. ಫ್ರೇಮಿನ ಬೆಳಕನ್ನೆಲ್ಲ ನಡುಮಟ್ಟದ ಬೂದಿಗೆ ತರುವುದೇ ಅದರ ಕೆಲಸ. ಅಡಿಕೆ ತೋಟದ ಸಂದಿಯಲ್ಲಿ ಆಕಾಶ ಇಣುಕಿದರೆ ಮುಖ ಮುಳುಗುತ್ತದೆ. ಮುಖವೇ ಫ್ರೇಮ್ ತುಂಬಿದರೆ ಕಪ್ಪು ಮೈಬಣ್ಣವನ್ನು ಬೂದಿಯಾಗುವಷ್ಟು ಎತ್ತಿಬಿಡುತ್ತದೆ.

ವೇವ್‌ಫಾರ್ಮ್ (ಫ್ರೇಮಿನ ಬೆಳಕನ್ನು 0ಯಿಂದ 100ರವರೆಗೆ ತೋರಿಸುವ ಗ್ರಾಫ್) ನೋಡಿಕೊಂಡು, ಮುಖದ ಬೆಳಕಿನ ಮಗ್ಗುಲು 40ರ ಆಸುಪಾಸಿಗೆ ಇಡಿ. ಹಣೆ, ಕೆನ್ನೆಯ ಹೊಳಪು 60 ಮುಟ್ಟಿದರೂ ಪರವಾಗಿಲ್ಲ. (ಲಾಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ತೆಗೆಯುವ ಮೋಡ್‌ನಲ್ಲಿ, ತೆಗೆದರೆ ಈ ಅಂಕಿ ಬೇರೆ.) ಝೀಬ್ರಾವನ್ನು (ಬೆಳಕು ಇಟ್ಟ ಮಟ್ಟ ಮುಟ್ಟಿದ ಕಡೆ ಪರದೆಯಲ್ಲಿ ಕಾಣುವ ಪಟ್ಟೆ) 70ಕ್ಕೆ ಇಡುವ ರೂಢಿ ಬಿಳಿ ಮೈಬಣ್ಣದ್ದು, ಇಲ್ಲಿಗೆ ಬೇಡ. ಎಡಿಟಿಂಗ್‌ನಲ್ಲಿ ಎತ್ತಿದರಾಯ್ತು ಅಂತಲೂ ಬಿಡಬೇಡಿ, 8 ಬಿಟ್ ಫೈಲಿನಲ್ಲಿ (ಬಣ್ಣದ ಹಂತಗಳು ಕಡಿಮೆ ಇರುವಂಥದ್ದು) ನೆರಳು ಚೌಕಚೌಕವಾಗಿ ಒಡೆಯುತ್ತದೆ. ಲೈಟು ಎದುರಿನಿಂದ ಹೊಡೆಯದೆ, ಪಕ್ಕದಿಂದ 4 ಅಡಿಯ ಥರ್ಮಾಕೋಲ್ ಹಾಳೆ ಅಥವಾ ಬಿಳಿ ಪಂಚೆ ಹಿಡಿಸಿ, ಬೆಳಕು ಅದರಿಂದ ಪುಟಿದು ಮುಖಕ್ಕೆ ಬೀಳಲಿ. ಕಪ್ಪು ಮುಖದ ಉಬ್ಬುತಗ್ಗು ಕಾಣುವುದೇ ಹೊಳಪಿನಲ್ಲಿ, ಪೌಡರ್ ಹಚ್ಚಿದರೆ ಅದೂ ಹೋಯಿತು.

ಇನ್ನು ಕಥೆ. ‘ಆಫ್ರಿಕಾದವರು ಕನ್ನಡ ಮಾತಾಡ್ತಾರೆ ನೋಡಿ’ ಅನ್ನುವ ಬೆರಗು, ದಮಾಮಿ (ಸಿದ್ದಿಗಳ ಡೋಲಿನ) ಕುಣಿತ, ಡ್ರೋನ್ ಶಾಟ್: ಇವು ಮೂರೂ ಸವೆದು ಹೋಗಿವೆ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರ ಇತಿಹಾಸ ಪರದೆಯ ಮೇಲೆ ಎರಡು ಸಾಲಿದ್ದರೆ ಸಾಕು. ಕಥೆ ಇರುವುದು ಇಲ್ಲಿ: ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಆ ಹದಿನೇಳು ವರ್ಷ, ಉತ್ತರ ಕನ್ನಡದ ಹಳಿಯಾಳದ ಅಣ್ಣನ ಮಕ್ಕಳಿಗೆ ಪಂಗಡದ ಸರ್ಟಿಫಿಕೇಟು ಇತ್ತು, ಧಾರವಾಡ ಜಿಲ್ಲೆಯ ಕಲಘಟಗಿಗೆ ಕೊಟ್ಟ ತಂಗಿಯ ಮಕ್ಕಳಿಗೆ ಇರಲಿಲ್ಲ. ಇಷ್ಟು ಹಿಡಿದರೆ 12 ನಿಮಿಷವೇ ಸಾಲದು.

ಮಾತಿಲ್ಲದ ದೃಶ್ಯಕ್ಕೆ ಕೌದಿ ಹೊಲಿಗೆ ಒಳ್ಳೆಯದು. ಹಳೆ ಬಟ್ಟೆಯ ತುಂಡುಗಳನ್ನು ಒಂದು ಮೂಲೆಯಿಂದ ಹಿಡಿದು, ಅಂಚಿಗುಂಟ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫುಲಾ’ ಕೂರಿಸುತ್ತಾರೆ. ದಿನಗಟ್ಟಲೆ ಹಿಡಿಯುವ ಕೆಲಸ, ಹಾಗಾಗಿ ಟ್ರೈಪಾಡ್ ಕಾಲಿನ ಜಾಗಕ್ಕೆ ಗುರುತು ಹಾಕಿಡಿ, ಇಲ್ಲದಿದ್ದರೆ ಶಾಟ್‌ಗಳು ಕೂಡುವುದಿಲ್ಲ.

ಮೀಸಲು ಅರಣ್ಯದೊಳಗೆ ತೆಗೆಯುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೇಳಿ. ಸಿದ್ದಿಗಳ ಮನೆಮಾತು ಕೊಂಕಣಿ ಬೆರೆತದ್ದು, ಜೊತೆಗೆ ಕನ್ನಡ, ಮರಾಠಿ ಪದಗಳು. ಸಬ್‌ಟೈಟಲ್ ಕೆಲಸವನ್ನು ಗೋವಾ ಕೊಂಕಣಿಯವರಿಗೆ ಒಪ್ಪಿಸಬೇಡಿ, ಅದೇ ಊರಿನ ಸಿದ್ದಿ ಹುಡುಗನೋ ಹುಡುಗಿಯೋ ಬರೆದುಕೊಡಲಿ, ದುಡ್ಡು ಕೊಟ್ಟು.